ಆಯಿಲ್ ಸೋರುವ ಸಂದು

1935ರ ಮೇ 15. ಬ್ರಿಟನ್ ದೊರೆಯ ರಜತೋತ್ಸವದ ವಿಶೇಷ ಅಂಚೆ ಹೊತ್ತು ಸಿಡ್ನಿಯಿಂದ ನ್ಯೂಜಿಲೆಂಡಿಗೆ ಹೊರಟಿದ್ದ 'ಸದರ್ನ್ ಕ್ರಾಸ್' ಎಂಬ ಮೂರು ಎಂಜಿನ್ನಿನ ಫಾಕರ್ ವಿಮಾನ ಟಾಸ್ಮನ್ ಸಮುದ್ರದ ಮೇಲೆ ಕಷ್ಟಕ್ಕೆ ಸಿಲುಕಿತು. ನಡು ಎಂಜಿನ್ನಿನ ಹೊಗೆ ಕೊಳವೆಯ ತುಂಡೊಂದು ಕಿತ್ತು ಹಾರಿ ಬಲಗಡೆಯ ಪ್ರೊಪೆಲ್ಲರಿಗೆ ಬಡಿಯಿತು. ಬಲ ಎಂಜಿನ್ ನಿಲ್ಲಿಸಿ ಸಿಡ್ನಿಯತ್ತ ತಿರುಗಿದರೆ, ಎಡ ಎಂಜಿನ್ನಿನ ಆಯಿಲ್ ಖಾಲಿಯಾಗತೊಡಗಿತು. ಆಗ ಪಿ.ಜಿ. ಟೇಲರ್ ಎಂಬ ವೈಮಾನಿಕ ಕಾಕ್‌ಪಿಟ್ಟಿನಿಂದ ಹೊರಗೆ ಹತ್ತಿ, ರೆಕ್ಕೆಯ ಕೆಳಗಿನ ಆಸರೆ ಕಂಬಿಯ ಮೇಲೆ ಕಾಲಿಟ್ಟು ನಿಂತ ಎಂಜಿನ್ನಿನವರೆಗೆ ಸಾಗಿ, ಅದರ ಆಯಿಲನ್ನು ಥರ್ಮಾಸ್ ಫ್ಲಾಸ್ಕಿಗೆ ಬಸಿದು ತಂದ. ಇನ್ನೊಂದು ಬದಿಗೆ ಹೋಗಿ ಅದನ್ನು ಎಡ ಎಂಜಿನ್ನಿಗೆ ಸುರಿದ. ಒಂದು ಸಲವಲ್ಲ, ಆರು ಸಲ. ವಿಮಾನ ನಡೆಸುತ್ತಿದ್ದ ಚಾರ್ಲ್ಸ್ ಕಿಂಗ್ಸ್‌ಫರ್ಡ್ ಸ್ಮಿತ್ ಅದನ್ನು ಸಿಡ್ನಿಗೆ ತಂದು ಇಳಿಸಿದ. ಟೇಲರನಿಗೆ ಬ್ರಿಟನ್ನಿನ ಶೌರ್ಯ ಪದಕ ಬಂತು.

ಇವತ್ತಿನ ಪುಟ್ಟ ವಿಮಾನದಲ್ಲಿ ಇರುವುದು ಒಂದೇ ಎಂಜಿನ್. ಆಯಿಲ್ ಬಸಿದು ತರಲು ಪಕ್ಕದಲ್ಲಿ ಇನ್ನೊಂದು ಇಲ್ಲ. ಹಾಗಾಗಿ ಇರುವ ಆಯಿಲ್ ಎಲ್ಲಿಂದ ತಪ್ಪಿಸಿಕೊಳ್ಳಬಹುದು ಎಂಬ ಪ್ರಶ್ನೆ ಸಣ್ಣದಲ್ಲ. ಪಿಸ್ಟನ್ ಎಂಜಿನ್ನಿನಲ್ಲಿ ಅಂಥ ಜಾಗಗಳು ಹತ್ತಾರಿವೆ. ಅವುಗಳಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಕ ಸಂಸ್ಥೆ ಎಫ್‌ಎಎ ಕಾಲು ಶತಮಾನದಲ್ಲಿ ಮತ್ತೆ ಮತ್ತೆ ಕಡ್ಡಾಯ ಆದೇಶ ಹೊರಡಿಸಬೇಕಾಗಿ ಬಂದ ಒಂದು ಜಾಗವಿದೆ. ಅದು ಆಯಿಲ್ ಫಿಲ್ಟರನ್ನು ಎಂಜಿನ್ನಿಗೆ ಜೋಡಿಸುವ ಅಡಾಪ್ಟರ್. ನೋಡಿದರೆ ಅಂಗೈ ಅಗಲದ ಲೋಹದ ತುಂಡು. ಅದರ ಗ್ಯಾಸ್ಕೆಟ್ಟಿನ ಬೆಲೆ ಇಡೀ ಎಂಜಿನ್ನಿನ ಮುಂದೆ ಲೆಕ್ಕಕ್ಕೇ ಬರುವುದಿಲ್ಲ.

ಜಾಲರಿಯಿಂದ ಫಿಲ್ಟರಿಗೆ

ಹಳೆಯ ಕಾಂಟಿನೆಂಟಲ್ ಮತ್ತು ಲೈಕಮಿಂಗ್ ಎಂಜಿನ್ನುಗಳು ಫಿಲ್ಟರ್ ಇಲ್ಲದೆಯೇ ಕಾರ್ಖಾನೆ ಬಿಡುತ್ತಿದ್ದವು. ಆಯಿಲ್ ಪಂಪಿನ ಮುಂದೆ ಒಂದು ಲೋಹದ ಜಾಲರಿ ಇರುತ್ತಿತ್ತು, ಅಷ್ಟೆ. ಜಾಲರಿ ದೊಡ್ಡ ಚೂರುಗಳನ್ನು ತಡೆಯುತ್ತದೆ. ಬೇರಿಂಗುಗಳನ್ನು ದಿನದಿನವೂ ಸವೆಸುವ ನುಣ್ಣನೆಯ ಮಸಿ, ಧೂಳು, ಲೋಹದ ಹುಡಿ ಅದರ ಕಣ್ಣುಗಳಲ್ಲಿ ನುಸುಳಿ ಹೋಗುತ್ತವೆ. ಪುಟ್ಟ ವಿಮಾನಗಳು ಕುಡಿಯುವ 100ಎಲ್‌ಎಲ್ ಪೆಟ್ರೋಲಿನಲ್ಲಿ ಈಗಲೂ ಸೀಸವಿದೆ. ಆ ಸೀಸದ ಕೆಸರೂ ಆಯಿಲಿಗೇ ಇಳಿಯುತ್ತದೆ. ಲೈಕಮಿಂಗ್ ಕಂಪನಿಯ ಸೂಚನೆಯಲ್ಲೇ ಈ ವ್ಯತ್ಯಾಸ ಕಾಣುತ್ತದೆ: ಬರೀ ಜಾಲರಿ ಇದ್ದರೆ ಪ್ರತಿ 25 ಗಂಟೆಗೆ ಆಯಿಲ್ ಬದಲಿಸಬೇಕು, ಪೂರ್ಣ ಫಿಲ್ಟರ್ ಇದ್ದರೆ 50 ಗಂಟೆಗೆ. ವಿಮಾನ ಹಾರದೆ ನಿಂತಿದ್ದರೂ ನಾಲ್ಕು ತಿಂಗಳಿಗೊಮ್ಮೆ ಬದಲಿಸಲೇಬೇಕು, ಯಾಕೆಂದರೆ ನಿಂತ ಆಯಿಲಿನಲ್ಲಿ ನೀರು ಮತ್ತು ಆಮ್ಲ ಸೇರಿ ಒಳಗಿನ ಉಕ್ಕಿಗೆ ತುಕ್ಕು ಹಿಡಿಸುತ್ತವೆ.

ಫಿಲ್ಟರಿಗೆ ಇನ್ನೊಂದು ಉಪಯೋಗವಿದೆ. ಕಳಚಿದ ಫಿಲ್ಟರನ್ನು ಡಬ್ಬಿ ಕತ್ತರಿಸುವ ಉಪಕರಣದಿಂದ ತೆರೆದು, ಒಳಗಿನ ಮಡಿಕೆ ಕಾಗದವನ್ನು ಬಿಡಿಸಿ ಬೆಳಕಿಗೆ ಹಿಡಿದರೆ ಎಂಜಿನ್ನಿನ ಒಳಗೆ ಏನು ಸವೆಯುತ್ತಿದೆ ಎಂದು ಕಣ್ಣಿಗೇ ಕಾಣುತ್ತದೆ. ಅಯಸ್ಕಾಂತಕ್ಕೆ ಅಂಟಿದರೆ ಉಕ್ಕು, ಅಂಟದೆ ಹೊಳೆದರೆ ಅಲ್ಯುಮಿನಿಯಂ ಅಥವಾ ಬೇರಿಂಗಿನ ಲೋಹ. ಕ್ಯಾಮ್ ಶಾಫ್ಟ್ ಸವೆತ, ಪಿಸ್ಟನ್ ಪಿನ್ನಿನ ಕೊನೆಯ ಬಿರಡೆಯ ಸವೆತದಂಥ ದೋಷಗಳು ಎಷ್ಟೋ ಸಲ ಮೊದಲು ಗೊತ್ತಾಗುವುದೇ ಇಲ್ಲಿ.

ಹೀಗೆ ಹಳೆಯ ಎಂಜಿನ್ನುಗಳಿಗೂ ಫಿಲ್ಟರ್ ಬೇಕೆನಿಸಿತು. ಜಾಲರಿ ಕೂತಿದ್ದ ಜಾಗದಲ್ಲೇ ಅಡಾಪ್ಟರ್ ಕೂರಿಸಿ, ಅದರ ಮೇಲೆ ತಿರುಗಿಸಿ ಹಾಕುವ ಫಿಲ್ಟರ್ ತಂದರು. ಎಂಜಿನ್ನಿನ ಆಯುಸ್ಸು ಹೆಚ್ಚಿಸಿದ ಒಳ್ಳೆಯ ಸುಧಾರಣೆ ಇದು. ಆದರೆ ಒಂದು ಜೋಡಣೆ ಇದ್ದ ಜಾಗದಲ್ಲಿ ಈಗ ಎರಡು ಮೂರು ಜೋಡಣೆಗಳಾದವು: ಎಂಜಿನ್ನಿಗೂ ಅಡಾಪ್ಟರಿಗೂ ನಡುವೆ ಒಂದು, ಕೆಲವು ಮಾದರಿಗಳಲ್ಲಿ ಅಡಾಪ್ಟರಿಗೂ ಫಿಲ್ಟರ್ ಕೂರುವ ತಟ್ಟೆಗೂ ನಡುವೆ ಇನ್ನೊಂದು, ತಟ್ಟೆಗೂ ಫಿಲ್ಟರಿಗೂ ನಡುವೆ ಮತ್ತೊಂದು.

ಈ ಸಂದುಗಳು ಇರುವ ಜಾಗವೇ ಅಪಾಯದ ಮೂಲ. ಎಂಜಿನ್ನಿನ ಮೈಮೇಲೆ ಕಾಣುವ ಸಾಮಾನ್ಯ ಸೋರಿಕೆಗಳು, ಉದಾಹರಣೆಗೆ ರಾಕರ್ ಕವರಿನ ಗ್ಯಾಸ್ಕೆಟ್ಟಿನಿಂದಲೋ ಪುಶ್‌ರಾಡ್ ಕೊಳವೆಯ ಸೀಲಿನಿಂದಲೋ ಜಿನುಗುವ ಆಯಿಲ್, ಒತ್ತಡವಿಲ್ಲದೆ ತೊಟ್ಟಿಕ್ಕುತ್ತವೆ. ಅವು ಜಿಡ್ಡು ಮಾಡುತ್ತವೆ, ಮೆಕ್ಯಾನಿಕ್ಕಿಗೆ ಬೇಸರ ತರುತ್ತವೆ, ಸಾಮಾನ್ಯವಾಗಿ ಎಂಜಿನ್ ನಿಲ್ಲಿಸುವುದಿಲ್ಲ. ಅಡಾಪ್ಟರ್ ಇರುವುದು ಪಂಪಿನ ಒತ್ತಡದ ಬದಿಯಲ್ಲಿ. ಲೈಕಮಿಂಗ್ ಎಂಜಿನ್ನಿನಲ್ಲಿ ಹಾರುವಾಗ ಅಲ್ಲಿ 60ರಿಂದ 90 ಪಿಎಸ್‌ಐ ಒತ್ತಡವಿರುವುದು ಮಾಮೂಲು. ತಣ್ಣಗಿನ ಬೆಳಗ್ಗೆ ಗಟ್ಟಿ ಆಯಿಲಿನೊಂದಿಗೆ ಸ್ಟಾರ್ಟ್ ಮಾಡಿದಾಗ ಅದು ಇನ್ನೂ ಏರುತ್ತದೆ. ಸೆಸ್ನಾ 172ಎಸ್ ವಿಮಾನದಲ್ಲಿ ಅದರ ಮಿತಿ 115 ಪಿಎಸ್‌ಐ. ಇಂಥ ಕಡೆ ಗ್ಯಾಸ್ಕೆಟ್ ಬಿಟ್ಟುಕೊಟ್ಟರೆ ಪಂಪ್ ತಾನೇ ಆಯಿಲನ್ನೆಲ್ಲ ಹೊರಗೆ ಎಸೆಯುತ್ತದೆ. 180 ಅಶ್ವಶಕ್ತಿಯ ಸಾಮಾನ್ಯ ಲೈಕಮಿಂಗ್ ಎಂಜಿನ್ನಿನಲ್ಲಿರುವುದು 8 ಕ್ವಾರ್ಟ್, ಅಂದರೆ ಸುಮಾರು ಏಳೂವರೆ ಲೀಟರ್. ಅದು ಖಾಲಿಯಾಗಲು ಗಂಟೆಗಳು ಬೇಕಿಲ್ಲ.

ಎರಡು ಮನೆತನ, ಎರಡು ಬಗೆಯ ತೊಂದರೆ

ಕಾಂಟಿನೆಂಟಲ್ ಎಂಜಿನ್ನುಗಳಿಗೆ ಹಾಕುವ ಬಹಳಷ್ಟು ಅಡಾಪ್ಟರುಗಳು ಆಯಿಲ್ ಪಂಪಿನ ಮೈಯಲ್ಲಿರುವ ಹಳೆಯ ಜಾಲರಿಯ ರಂಧ್ರಕ್ಕೆ ಮರೆ (ಸ್ಕ್ರೂ ಸುತ್ತು) ತಿರುಗಿಸಿ ಕೂರುತ್ತವೆ. ಇಡೀ ಭಾರ ನಿಲ್ಲುವುದು ಒಂದು ದೊಡ್ಡ ಮರೆ, ಒಂದು ನಟ್ಟು, ಒಂದು ಗ್ಯಾಸ್ಕೆಟ್ ಮೇಲೆ. ಆಚೆ ತುದಿಯಲ್ಲಿ ಆಯಿಲ್ ತುಂಬಿದ ಫಿಲ್ಟರ್ ಚಾಚಿಕೊಂಡಿರುತ್ತದೆ. ನಿಮಿಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಸಲ ಸುತ್ತುವ ಎಂಜಿನ್ನಿನ ಅದುರಾಟ ಆ ಭಾರವನ್ನು ಸದಾ ಅಲ್ಲಾಡಿಸುತ್ತಿರುತ್ತದೆ. ನಟ್ಟು ಕೂದಲೆಳೆಯಷ್ಟು ಸಡಿಲಾದರೂ ಸಾಕು, ಉಳಿದ ಕೆಲಸವನ್ನು ಅದುರಾಟವೇ ಮಾಡಿ ಮುಗಿಸುತ್ತದೆ.

ಸೆಸ್ನಾ ವಿಮಾನಗಳ ವಿಷಯದಲ್ಲಿ ಇದು 1996ರಲ್ಲಿ ಅಧಿಕೃತ ದಾಖಲೆಗೆ ಬಂತು. ಎಫ್‌ಎಎ ಹೊರಡಿಸುವ ಕಡ್ಡಾಯ ಸುರಕ್ಷತಾ ಆದೇಶಕ್ಕೆ ಹ್ಯಾಂಗರುಗಳಲ್ಲಿ 'ಎಡಿ' ಎನ್ನುತ್ತಾರೆ. 96-12-22 ಎಂಬ ಸಂಖ್ಯೆಯ ಎಡಿ 180, 182, 185, 206, 210 ಮೊದಲಾದ ಮಾದರಿಗಳಲ್ಲಿ ಅಡಾಪ್ಟರ್ ಸಡಿಲಾಗಿ ಅಥವಾ ಕಳಚಿಯೇ ಹೋಗಿ ಆಯಿಲ್ ನಷ್ಟವಾಗುವುದನ್ನು ತಡೆಯಲು ಬಂದದ್ದು. ಅದರ ಪರಿಹಾರ ಸರಳವಾಗಿದೆ. ನಟ್ಟನ್ನು ಹೇಳಿದ ಬಿಗಿತಕ್ಕೆ ಬಿಗಿದು, ಅಡಾಪ್ಟರ್, ನಟ್ಟು ಮತ್ತು ಪಂಪಿನ ಮೈ ಮೂರನ್ನೂ ದಾಟುವಂತೆ ಗುರುತಿನ ಲಪ್ಪ ಬಳಿಯಬೇಕು. ಮುಂದೆ ಫಿಲ್ಟರ್ ಕಳಚಿದಾಗಲೆಲ್ಲ ಆ ಗುರುತು ನೋಡಬೇಕು. ಗೆರೆ ಒಡೆದಿದ್ದರೆ ಅಥವಾ ಜರುಗಿದ್ದರೆ ನಟ್ಟು ಅಲ್ಲಾಡಿದೆ ಎಂದರ್ಥ; ಬಿಚ್ಚಿ ಮರೆಗಳನ್ನು ಪರೀಕ್ಷಿಸಿ ಮತ್ತೆ ಕೂರಿಸಬೇಕು.

ಲೈಕಮಿಂಗ್ ಎಂಜಿನ್ನುಗಳ ಕಥೆ ಬೇರೆ. ಅಲ್ಲಿ ಅಡಾಪ್ಟರನ್ನು ಎಂಜಿನ್ನಿನ ಹಿಂಭಾಗಕ್ಕೆ ಬೋಲ್ಟು ಹಾಕಿ ಬಿಗಿಯುತ್ತಾರೆ, ಆದ್ದರಿಂದ ಇಡೀ ಅಡಾಪ್ಟರ್ ತಿರುಗಿ ಕಳಚುವ ಭಯ ಕಡಿಮೆ. ತೊಂದರೆ ಕೊಟ್ಟದ್ದು ಫಿಲ್ಟರ್ ಕೂರುವ ತಟ್ಟೆಯ ಹಿಂದಿನ ಗ್ಯಾಸ್ಕೆಟ್. ಎಲ್‌ಡಬ್ಲ್ಯು-13388 ಎಂಬ ಸಂಖ್ಯೆಯ ಆ ಗ್ಯಾಸ್ಕೆಟ್ ಬಿಸಿಗೂ ಒತ್ತಡಕ್ಕೂ ಸಿಕ್ಕಿ ಸಂದಿನಿಂದ ಹೊರಗೆ ತಳ್ಳಿಕೊಂಡು ಬರುತ್ತಿತ್ತು. ಆಯಿಲ್ ಹೋಗುವುದು ಒಂದು ಅಪಾಯವಾದರೆ, ಕೆಂಪಗೆ ಕಾದ ಎಕ್ಸಾಸ್ಟ್ ಕೊಳವೆಗಳ ಮೇಲೆ ಅದು ಬಿದ್ದು ಬೆಂಕಿ ಹೊತ್ತಿಕೊಳ್ಳುವುದು ಇನ್ನೊಂದು. 2000ದಲ್ಲಿ ಎಫ್‌ಎಎ ತುರ್ತು ಎಡಿ ಹೊರಡಿಸಿತು, 2002ರಲ್ಲಿ ಅದನ್ನು ಪರಿಷ್ಕರಿಸಿತು. ಹಳೆಯ ಗ್ಯಾಸ್ಕೆಟ್ ಕಿತ್ತು ಹಾಕಿ, ಹೊಸ ವಿನ್ಯಾಸದ ತಟ್ಟೆ ಮತ್ತು ಗ್ಯಾಸ್ಕೆಟ್ ಹಾಕಿಸುವುದು ಶಾಶ್ವತ ಪರಿಹಾರ ಎಂದಾಯಿತು.

ಮತ್ತೆ ಇಪ್ಪತ್ತು ವರ್ಷ ಕಳೆದು 2022ರಲ್ಲಿ ಇನ್ನೊಂದು ಎಡಿ. ಈ ಸಲ ಕಾಂಟಿನೆಂಟಲ್ ಎಂಜಿನ್ನುಗಳಿಗೆಂದು ಬೇರೆ ತಯಾರಕರು ಮಾರಿದ ಅಡಾಪ್ಟರುಗಳ ಸರದಿ. ಅವುಗಳ ಮರೆಯ ಬುಡದಲ್ಲಿದ್ದದ್ದು ನಾರಿನ ಗ್ಯಾಸ್ಕೆಟ್. ಅದನ್ನು ತೆಗೆದು ತಾಮ್ರದ ಗ್ಯಾಸ್ಕೆಟ್ ಹಾಕಬೇಕು ಎಂಬುದು ಆದೇಶದ ತಿರುಳು. ನಾರಿನ ಗ್ಯಾಸ್ಕೆಟ್ ಬಿಸಿಯಲ್ಲಿ ಬೆಂದು ಬೆಂದು ಕುಗ್ಗುತ್ತದೆ. ಅದು ಕುಗ್ಗಿದಷ್ಟೂ ನಟ್ಟಿನ ಬಿಗಿತ ಇಳಿಯುತ್ತದೆ. ಅಂದರೆ ಮೆಕ್ಯಾನಿಕ್ ಸರಿಯಾಗಿಯೇ ಬಿಗಿದಿದ್ದರೂ ಕೆಲವು ನೂರು ಗಂಟೆಗಳ ಮೇಲೆ ಅದು ತಾನಾಗಿ ಸಡಿಲಾಗಬಹುದು. ತಾಮ್ರ ಒಮ್ಮೆ ಅಮುಕಿ ಕೂತ ಮೇಲೆ ಹಾಗೆ ಸೊರಗುವುದಿಲ್ಲ. ಅದರ ಷರತ್ತು ಒಂದೇ, ಒಮ್ಮೆ ಅಮುಕಿ ಗಟ್ಟಿಯಾದ ತಾಮ್ರದ ಬಿಲ್ಲೆಯನ್ನು ಹಾಗೇ ಮತ್ತೆ ಹಾಕಬಾರದು.

ಮೂರು ಆದೇಶಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದರೆ ಒಂದು ಅಂಶ ಸ್ಪಷ್ಟವಾಗುತ್ತದೆ. ತಯಾರಕರು ಒಬ್ಬರೇ ಅಲ್ಲ, ಎಂಜಿನ್ ಒಂದೇ ಅಲ್ಲ, ದೋಷವುಳ್ಳ ಭಾಗವೂ ಒಂದೇ ಅಲ್ಲ. ಎಲ್ಲ ಕಡೆಯೂ ಸೋತದ್ದು ಮಾತ್ರ ಒತ್ತಡದ ಬದಿಯಲ್ಲಿದ್ದ, ಬಿಸಿಗೂ ಅದುರಾಟಕ್ಕೂ ಒಡ್ಡಿದ ಒಂದು ಸಂದು. ಒಂದು ಮಾದರಿಯ ಆದೇಶ ಪಾಲಿಸಿದ ಮಾತ್ರಕ್ಕೆ ಬೇರೆ ಮಾದರಿಯ ಮಾಲೀಕ ನಿಶ್ಚಿಂತೆಯಿಂದ ಇರುವಂತಿಲ್ಲ.

ಕೈ ಬಿದ್ದ ಜಾಗ

ವಿನ್ಯಾಸದ ದೋಷಗಳು ಆದೇಶಗಳಲ್ಲಿ ಕಾಣುತ್ತವೆ. ಹ್ಯಾಂಗರಿನಲ್ಲಿ ಆಗುವ ತಪ್ಪುಗಳು ಹೆಚ್ಚು ಸಾಮಾನ್ಯ, ಹೆಚ್ಚು ಸಾದಾ. ಕಾರಿನ ಗ್ಯಾರೇಜುಗಳಿಗೂ ಗೊತ್ತಿರುವ ಒಂದು ಎಡವಟ್ಟು ಇಲ್ಲೂ ಇದೆ. ಹಳೆಯ ಫಿಲ್ಟರ್ ತಿರುಗಿಸಿ ತೆಗೆದಾಗ ಅದರ ರಬ್ಬರ್ ಗ್ಯಾಸ್ಕೆಟ್ ತಟ್ಟೆಗೇ ಅಂಟಿ ಉಳಿಯುತ್ತದೆ. ನೋಡದೆ ಹೊಸ ಫಿಲ್ಟರ್ ಹಾಕಿದರೆ ಗ್ಯಾಸ್ಕೆಟ್ ಮೇಲೆ ಗ್ಯಾಸ್ಕೆಟ್ ಕೂರುತ್ತದೆ. ನೆಲದ ಮೇಲೆ ಎಂಜಿನ್ ನಿಧಾನವಾಗಿ ಓಡುವಾಗ ಸೋರದೆಯೂ ಇರಬಹುದು. ಟೇಕಾಫಿನ ಪೂರ್ಣ ಒತ್ತಡದಲ್ಲಿ ಒಂದು ಪಕ್ಕಕ್ಕೆ ಜಾರುತ್ತದೆ. ಕಳಚಿದ ಫಿಲ್ಟರನ್ನು ತಿರುಗಿಸಿ ಅದರ ಗ್ಯಾಸ್ಕೆಟ್ ಅದರಲ್ಲೇ ಇದೆಯೇ ಎಂದು ನೋಡಿದರೆ ಈ ತಪ್ಪು ಆಗುವುದೇ ಇಲ್ಲ.

ಬಿಗಿತದ ವಿಷಯದಲ್ಲಿ ಎರಡು ಪಂಗಡಗಳಿವೆ. ಕೈಯಂದಾಜೇ ಸಾಕು ಎನ್ನುವ ಹಳಬರು ಒಂದು ಕಡೆ, ಟಾರ್ಕ್ ರೆಂಚ್ ಇಲ್ಲದೆ ಮುಟ್ಟಬಾರದು ಎನ್ನುವವರು ಇನ್ನೊಂದು ಕಡೆ. ವಿಮಾನದ ಎಂಜಿನ್ನುಗಳಿಗೆಂದೇ ಮಾಡಿದ ಚಾಂಪಿಯನ್ ಫಿಲ್ಟರಿನ ಮೈಮೇಲೇ ಉತ್ತರ ಬರೆದಿದೆ: 16ರಿಂದ 18 ಫುಟ್-ಪೌಂಡ್, ಅಂದರೆ ಸುಮಾರು 22ರಿಂದ 24 ನ್ಯೂಟನ್-ಮೀಟರ್. ಕಡಿಮೆಯಾದರೆ ಸೋರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಹೆಚ್ಚಾದರೆ ಏನಾಗುತ್ತದೆ ಎಂದು ಯೋಚಿಸುವವರು ಕಡಿಮೆ. ರಬ್ಬರ್ ಹಿಸುಕಿಹೋಗುತ್ತದೆ, ಮುಂದಿನ ಸಲ ಫಿಲ್ಟರ್ ಬಿಚ್ಚಿಕೊಳ್ಳುವುದಿಲ್ಲ. ಆಗ ಬಲಪ್ರಯೋಗ ಮಾಡಿದರೆ ಫಿಲ್ಟರಿನ ಬದಲು ಅದರ ಹಿಂದಿನ ಅಡಾಪ್ಟರೇ ತಿರುಗಿ ಸಡಿಲಾಗಬಹುದು. 1996ರ ಆದೇಶ ಫಿಲ್ಟರ್ ಕಳಚಿದಾಗಲೆಲ್ಲ ಗುರುತಿನ ಗೆರೆ ನೋಡಿ ಎಂದದ್ದು ಎಷ್ಟು ಸೂಕ್ತ ಎಂಬುದು ಇಲ್ಲಿ ತಿಳಿಯುತ್ತದೆ. ಸಡಿಲಾಗುವ ಸಾಧ್ಯತೆ ಹೆಚ್ಚಿರುವುದು ಹಾರಾಟದಲ್ಲಷ್ಟೇ ಅಲ್ಲ, ಹ್ಯಾಂಗರಿನಲ್ಲಿ ಪಾನಾ ಹಿಡಿದ ಗಳಿಗೆಯಲ್ಲೂ.

ಗ್ಯಾಸ್ಕೆಟ್ಟಿಗೆ ಏನು ಸವರಬೇಕು ಎಂಬುದೂ ಚರ್ಚೆಯ ವಿಷಯ. ಡಿಸಿ-4 ಎಂಬ ಸಿಲಿಕೋನ್ ಗ್ರೀಸನ್ನು ತೆಳ್ಳಗೆ ಸವರುವುದು ರೂಢಿ. ಅದರಿಂದ ರಬ್ಬರ್ ಬಿಗಿಯುವಾಗ ಹರಿಯುವುದಿಲ್ಲ, ತೆಗೆಯುವಾಗ ಅಂಟುವುದಿಲ್ಲ. ಒಣ ಗ್ಯಾಸ್ಕೆಟ್ ಹಾಕಿದರೆ ರೆಂಚ್ ತೋರಿಸುವ ಬಿಗಿತವೇ ಸುಳ್ಳಾಗುತ್ತದೆ, ಯಾಕೆಂದರೆ ಬಲದ ಒಂದು ಪಾಲು ತಿಕ್ಕಾಟಕ್ಕೇ ಹೋಗಿಬಿಡುತ್ತದೆ. ಸೋರುವ ಸಂದಿಗೆ ಸೀಲಂಟ್ ಮೆತ್ತುವ ಅಡ್ಡದಾರಿ ಮಾತ್ರ ಯಾರೂ ಒಪ್ಪುವಂಥದ್ದಲ್ಲ. ಕೈಪಿಡಿ ಹೇಳದ ಕಡೆ ಮೆತ್ತಿದ ಸೀಲಂಟಿನ ತುಣುಕು ಒಳಗೆ ಕಿತ್ತು ಬಂದು ಆಯಿಲಿನ ಕಿರಿದಾದ ದಾರಿಯಲ್ಲಿ ಸಿಕ್ಕಿಕೊಂಡರೆ, ಸೋರಿಕೆಗಿಂತ ದೊಡ್ಡ ಅನಾಹುತ.

ಬಿಗಿದ ಮೇಲೆ ಸೇಫ್ಟಿ ವೈರ್. 0.032 ಅಂಗುಲ ದಪ್ಪದ ತಂತಿಯನ್ನು ಅಂಗುಲಕ್ಕೆ ಆರರಿಂದ ಎಂಟು ಹುರಿ ಬರುವಂತೆ ಹೊಸೆದು, ಫಿಲ್ಟರನ್ನು ಬಿಗಿಯುವ ದಿಕ್ಕಿಗೇ ಎಳೆಯುವ ಹಾಗೆ ಕಟ್ಟಬೇಕು. ತಿರುವುಮುರುವಾಗಿ ಕಟ್ಟಿದ ತಂತಿ ನೋಡಲು ಅಚ್ಚುಕಟ್ಟಾಗಿದ್ದರೂ ಫಿಲ್ಟರ್ ಸಡಿಲಾಗುವುದನ್ನು ತಡೆಯುವುದಿಲ್ಲ.

ಯಾರು ಈ ಕೆಲಸ ಮಾಡಬೇಕು ಎಂಬ ಪ್ರಶ್ನೆಗೆ ದೇಶಕ್ಕೊಂದು ಉತ್ತರ. ಅಮೆರಿಕದಲ್ಲಿ ಆಯಿಲ್ ಮತ್ತು ಫಿಲ್ಟರ್ ಬದಲಿಸುವುದು ಮಾಲೀಕ-ಪೈಲಟ್ ತಾನೇ ಮಾಡಬಹುದಾದ ಸಣ್ಣ ನಿರ್ವಹಣೆಗಳ ಪಟ್ಟಿಯಲ್ಲಿದೆ. ಎಡಿಯಲ್ಲಿ ಹೇಳಿದ ತಪಾಸಣೆಗೆ ಮಾತ್ರ ಸಾಮಾನ್ಯವಾಗಿ ಮೆಕ್ಯಾನಿಕ್ಕಿನ ಸಹಿ ಬೇಕು. ಹಾಗಾಗಿ ತನ್ನ ವಿಮಾನಕ್ಕೆ ಎಡಿ ಅನ್ವಯಿಸುತ್ತದೆ ಎಂಬುದೇ ಗೊತ್ತಿಲ್ಲದ ಮಾಲೀಕ ಫಿಲ್ಟರನ್ನು ನಿಯಮದಂತೆ ಬದಲಿಸಿಯೂ ಕಡ್ಡಾಯ ತಪಾಸಣೆಯನ್ನು ತಪ್ಪಿಸಿಬಿಡುವ ಸಾಧ್ಯತೆ ಇದೆ. ಭಾರತದಲ್ಲಿ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯ ಪರವಾನಗಿ ಇರುವ ನಿರ್ವಹಣಾ ಎಂಜಿನಿಯರ್, ಎಲ್ಲರೂ ಕರೆಯುವಂತೆ ಎಎಂಇ, ಸಹಿ ಹಾಕಿ ಬಿಡುಗಡೆ ಮಾಡಬೇಕು.

ಕಂಡುಹಿಡಿಯುವ ಬಗೆ

ಎಲ್ಲಿ ಆಯಿಲ್ ಕಾಣುತ್ತದೋ ಅಲ್ಲೇ ಸೋರುತ್ತಿದೆ ಎಂದುಕೊಂಡರೆ ಮೋಸಹೋದಂತೆ. ಎಂಜಿನ್ನಿನ ಹೊದಿಕೆಯಾದ ಕೌಲಿಂಗಿನೊಳಗೆ ನುಗ್ಗುವ ಗಾಳಿ ಒಂದು ಹನಿಯನ್ನು ಇಡೀ ಎಂಜಿನ್ನಿನ ಹಿಂಭಾಗಕ್ಕೆ ಬಳಿಯುತ್ತದೆ. ಫಿಲ್ಟರಿನ ತಳದಲ್ಲಿ ತೊಟ್ಟಿಕ್ಕುವ ಆಯಿಲ್ ಮೇಲಿನ ವ್ಯಾಕ್ಯೂಮ್ ಪಂಪಿನ ಸೀಲಿನದ್ದಾಗಿರಬಹುದು, ಟ್ಯಾಕೋಮೀಟರ್ ಕೇಬಲ್ಲಿನ ಜೋಡಣೆಯದ್ದಾಗಿರಬಹುದು. ವಿಮಾನದ ಹೊಟ್ಟೆಗೆ ಮೆತ್ತಿದ ಜಿಡ್ಡು ಬ್ರೀದರ್ ಕೊಳವೆಯಿಂದ ಬಂದದ್ದಿರಬಹುದು. 8 ಕ್ವಾರ್ಟ್ ಪೂರ್ತಿ ತುಂಬಿಸಿದರೆ ಮೇಲಿನ ಒಂದೆರಡು ಕ್ವಾರ್ಟನ್ನು ಎಂಜಿನ್ನೇ ಉಗಿದುಬಿಡುತ್ತದೆ ಎಂದು ಬಲ್ಲ ಪೈಲಟ್ಟುಗಳು ಆರೇಳರಲ್ಲೇ ನಿಲ್ಲಿಸುತ್ತಾರೆ. ಇನ್ನು ಅಡ್ಡವಾಗಿ ಕೂತ ಫಿಲ್ಟರ್ ಕಳಚಿದಾಗ ಚೆಲ್ಲಿದ ಆಯಿಲ್ ಮೂಲೆಗಳಲ್ಲಿ ಉಳಿದು, ದಿನಗಟ್ಟಲೆ ಹೊಸ ಸೋರಿಕೆಯಂತೆ ನಟಿಸುತ್ತದೆ.

ನಂಬಬಹುದಾದ ವಿಧಾನ ಹಳೆಯದೇ. ಎಂಜಿನ್ನನ್ನು ಪೂರ್ತಿ ತೊಳೆದು ಒಣಗಿಸಿ, ಕೌಲಿಂಗ್ ತೆಗೆದಿಟ್ಟು ಕೆಲವು ನಿಮಿಷ ಓಡಿಸಿ, ಟಾರ್ಚ್ ಮತ್ತು ಕನ್ನಡಿ ಹಿಡಿದು ನೋಡುವುದು. ಸಂಶಯದ ಸಂದಿಗೆ ಬಿಳಿ ಪುಡಿ ಸಿಂಪಡಿಸಿದರೆ ಆಯಿಲಿನ ಮೊದಲ ಗೆರೆ ಎದ್ದು ಕಾಣುತ್ತದೆ. ಅದಕ್ಕೂ ಸಿಗದ ಸೋರಿಕೆಗೆ ಆಯಿಲಿನಲ್ಲಿ ಹೊಳೆಯುವ ಬಣ್ಣ ಬೆರೆಸಿ ನೇರಳಾತೀತ ದೀಪದಲ್ಲಿ ನೋಡುತ್ತಾರೆ. ಮೂಲ ಸಿಗುವ ಮುಂಚೆ ಗ್ಯಾಸ್ಕೆಟ್‌ಗಳನ್ನು ಒಂದೊಂದಾಗಿ ಬದಲಿಸುತ್ತ ಹೋದರೆ ಖರ್ಚೂ ಹೆಚ್ಚು. ಪ್ರತಿ ಬದಲಾವಣೆಯೂ ಹೊಸ ತಪ್ಪಿಗೆ ಅವಕಾಶ ಎಂಬುದನ್ನೂ ಮರೆಯುವಂತಿಲ್ಲ.

ಹಾರುತ್ತಿರುವ ಪೈಲಟ್ಟಿಗೆ ಎಚ್ಚರಿಕೆ ಬರುವುದು ತಡವಾಗಿ. ಪಂಪಿನ ಬಾಯಿಗೆ ಆಯಿಲ್ ಸಿಗುತ್ತಿರುವವರೆಗೂ ಒತ್ತಡದ ಮುಳ್ಳು ಹಸಿರು ಪಟ್ಟಿಯಲ್ಲೇ ಇರುತ್ತದೆ. 180 ಅಶ್ವಶಕ್ತಿಯ ಎಂಜಿನ್ನುಗಳಿಗೆ ಲೈಕಮಿಂಗ್ ಹೇಳುವ ಕನಿಷ್ಠ ಪ್ರಮಾಣ 2 ಕ್ವಾರ್ಟ್. ಅದರ ಹತ್ತಿರ ಇಳಿದು ಪಂಪ್ ಗಾಳಿ ಎಳೆಯತೊಡಗಿದಾಗ ಮುಳ್ಳು ತಡವರಿಸಿ ಬೀಳುತ್ತದೆ. ಉಳಿದ ಆಯಿಲ್ ಕಡಿಮೆಯಾದಷ್ಟೂ ಅದರ ಬಿಸಿ ಏರುವುದು ಇನ್ನೊಂದು ಸುಳಿವು. ಒತ್ತಡ ಇಳಿದು ಬಿಸಿ ಏರಿದರೆ ಎರಡು ಮಾಪಕಗಳು ಒಂದೇ ಮಾತು ಹೇಳುತ್ತಿವೆ ಎಂದೇ ತಿಳಿಯಬೇಕು: ಎಂಜಿನ್ ಓಡುತ್ತಿರುವಾಗಲೇ ಇಳಿಯುವ ಜಾಗ ಹುಡುಕಿ.

ಕರ್ನಾಟಕಕ್ಕೂ ಈ ಎಂಜಿನ್ನುಗಳು ಹೊಸತಲ್ಲ. ಬೆಂಗಳೂರಿನ ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಲ್ಲಿ ಪೈಲಟ್ಟುಗಳು ಕಲಿತದ್ದು ಸೆಸ್ನಾ ವಿಮಾನಗಳಲ್ಲಿ. ಎಚ್‌ಎಎಲ್ ಬೆಂಗಳೂರಿನಲ್ಲಿ ರೂಪಿಸಿ, ವಾಯುಪಡೆಯ ಮೊದಲ ಪಾಠಕ್ಕೆ 2009ರವರೆಗೆ ಬಳಕೆಯಲ್ಲಿದ್ದ ಎಚ್‌ಪಿಟಿ-32 ದೀಪಕ್ ವಿಮಾನದ ಮೂಗಿನಲ್ಲಿದ್ದದ್ದೂ ಲೈಕಮಿಂಗ್ ಎಂಜಿನ್ನೇ. ಬೆಂಗಳೂರಿನ ಎನ್‌ಎಎಲ್ ವಿನ್ಯಾಸಗೊಳಿಸಿದ ಹಂಸ ಬೇರೆ ದಾರಿ ಹಿಡಿಯಿತು. ಹಂಸ-3ರಲ್ಲಿ ರೋಟ್ಯಾಕ್ಸ್ 914, 2021ರ ಸೆಪ್ಟೆಂಬರ್ 3ರಂದು ಮೊದಲು ಹಾರಿದ ಹಂಸ-ಎನ್‌ಜಿಯಲ್ಲಿ ರೋಟ್ಯಾಕ್ಸ್ 912. ಆಸ್ಟ್ರಿಯಾದ ಈ ಎಂಜಿನ್ನುಗಳಲ್ಲಿ ಆಯಿಲ್ ಪ್ರತ್ಯೇಕ ಟ್ಯಾಂಕಿನಲ್ಲಿರುತ್ತದೆ. ಫಿಲ್ಟರ್ ಪಂಪಿನ ಮೈಗೇ ನೇರವಾಗಿ ಕೂರುತ್ತದೆ, ನಡುವೆ ಅಡಾಪ್ಟರ್ ಇಲ್ಲ. ಗ್ಯಾಸ್ಕೆಟ್ ತಾಗಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು ಬಿಗಿಯಿರಿ ಎನ್ನುತ್ತದೆ ಕೈಪಿಡಿ. ವಿನ್ಯಾಸದ ಹಂತದಲ್ಲೇ ಒಂದು ಸಂದು ಕಡಿಮೆ ಮಾಡಿದರೆ ನಿರ್ವಹಣೆ ಎಷ್ಟು ಹಗುರಾಗುತ್ತದೆ ಎಂಬುದಕ್ಕೆ ಇದು ಉದಾಹರಣೆ. ಕಲಿಯುವವರು ಗಮನಿಸಬೇಕಾದ ವಿಷಯವೂ ಇಲ್ಲಿದೆ: ರೋಟ್ಯಾಕ್ಸಿನ ಕೈಯಳತೆಯನ್ನು ಲೈಕಮಿಂಗಿಗೂ, ಲೈಕಮಿಂಗಿನ ರೆಂಚಿನ ಅಳತೆಯನ್ನು ರೋಟ್ಯಾಕ್ಸಿಗೂ ಒಯ್ಯುವಂತಿಲ್ಲ.

ಹೊಸ ಎಂಜಿನ್ನುಗಳು ಹೇಗೇ ಇರಲಿ, ಜಗತ್ತಿನ ಪುಟ್ಟ ವಿಮಾನಗಳಲ್ಲಿ ಹೆಚ್ಚಿನವು ಇನ್ನೂ ಬಹುಕಾಲ ಹಳೆಯ ಕಾಂಟಿನೆಂಟಲ್, ಲೈಕಮಿಂಗ್ ಎಂಜಿನ್ನುಗಳಲ್ಲೇ ಹಾರಲಿವೆ. ಅಡಾಪ್ಟರಿನ ಭಯಕ್ಕೆ ಫಿಲ್ಟರ್ ತೆಗೆದು ಮತ್ತೆ ಜಾಲರಿಗೆ ಮರಳುವುದು ಬುದ್ಧಿವಂತಿಕೆಯಲ್ಲ. ಫಿಲ್ಟರ್ ಕಾಯುವ ಎಂಜಿನ್ನಿನ ಆಯುಸ್ಸಿನ ಮುಂದೆ ಈ ಅಪಾಯ ಸಣ್ಣದು, ಅದನ್ನು ಹತೋಟಿಯಲ್ಲಿಡುವ ದಾರಿಯೂ ಗೊತ್ತಿದೆ. ಮಾಲೀಕರು ಮತ್ತು ತರಬೇತಿ ಸಂಸ್ಥೆಗಳು ಮಾಡಬೇಕಾದದ್ದು ಇಷ್ಟು. ತಮ್ಮ ವಿಮಾನದಲ್ಲಿರುವ ಅಡಾಪ್ಟರ್ ಯಾರದ್ದು, ಅದರೊಳಗಿನ ಗ್ಯಾಸ್ಕೆಟ್ ಯಾವುದು ಎಂಬುದನ್ನು ಲಾಗ್ ಬುಕ್ಕಿನಲ್ಲಿ ಹುಡುಕಿ ಖಚಿತಪಡಿಸಿಕೊಳ್ಳಬೇಕು. ಅದಕ್ಕೆ ಅನ್ವಯಿಸುವ ಎಡಿ ಇದ್ದರೆ, ಅದರ ಪ್ರಕಾರ ಮಾಡಿದ ಪ್ರತಿ ತಪಾಸಣೆಯನ್ನೂ ದಾಖಲಿಸಬೇಕು. ಫಿಲ್ಟರ್ ಬದಲಿಸಿದ ದಿನ ಕೌಲಿಂಗ್ ಮುಚ್ಚುವ ಮುಂಚೆ ಎಂಜಿನ್ ಓಡಿಸಿ ನೋಡಬೇಕು. ಫಿಲ್ಟರ್ ತಾನು ತುಂಬಿಕೊಂಡ ಆಯಿಲಿನಷ್ಟು ಡಿಪ್‌ಸ್ಟಿಕ್ಕಿನಲ್ಲಿ ಕಡಿಮೆ ಕಾಣುತ್ತದೆ, ಅದನ್ನು ತುಂಬಿಸಬೇಕು. ಮೊದಲ ಹಾರಾಟ ವಿಮಾನ ನಿಲ್ದಾಣದ ಸುತ್ತಲೇ ಇರಲಿ, ಇಳಿದ ಮೇಲೆ ಮತ್ತೊಮ್ಮೆ ಕೌಲಿಂಗ್ ತೆರೆದು ನೋಡಲಿ. ಈ ಎರಡನೆಯ ನೋಟಕ್ಕೆ ಹಿಡಿಯುವುದು ಹತ್ತು ನಿಮಿಷ. ಅಷ್ಟು ಸಮಯವಿಲ್ಲದ ದಿನ ಫಿಲ್ಟರ್ ಬದಲಿಸುವ ಕೆಲಸಕ್ಕೆ ಕೈ ಹಾಕದಿರುವುದೇ ವಾಸಿ.